ಶೆನ್‌ಜೆನ್‌ಗೆ ಹೊರಟಿದ್ದೀರಾ? ಲುವೊಹು, ಫುಟಿಯಾನ್, ಶೆಕೋ, ಯಾಂಟಿಯಾನ್ – ಎಲ್ಲಿ ಉಳಿಯೋದು?

ಹಾಂಕಾಂಗ್ ಗಡಿಗೆ ಅಂಟಿಕೊಂಡಿರುವ ಚೀನಾದ ಶೆನ್‌ಜೆನ್‌ಗೆ ಹೋಗುವವರು ಸಾಮಾನ್ಯವಾಗಿ ಮೊದಲು ಟಿಕೆಟ್ ಬುಕ್ ಮಾಡುತ್ತಾರೆ, ಆಮೇಲೆ ಅಗ್ಗದ ಹೋಟೆಲ್ ಹುಡುಕುತ್ತಾರೆ. ಇದು ಉಲ್ಟಾ ಲೆಕ್ಕ. ಮೊದಲು ನಿಮ್ಮ ಕೆಲಸ ಊರಿನ ಯಾವ ಮೂಲೆಯಲ್ಲಿದೆ ಅಂತ ನೋಡಿ. ಆಮೇಲೆ ಹೋಟೆಲ್. ಯಾವ ಗಡಿ, ಯಾವ ವಿಮಾನ ನಿಲ್ದಾಣ ಅನ್ನೋದು ಅದರ ಹಿಂದೆ ತಾನಾಗೇ ಬರುತ್ತದೆ.

ಯಾಕೆ ಅಂದ್ರೆ ಈ ಊರು ದುಂಡಗಿಲ್ಲ. ನಡುವೆ ಒಂದು ಪೇಟೆ, ಸುತ್ತ ಬಡಾವಣೆ ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ. ಪೂರ್ವದಿಂದ ಪಶ್ಚಿಮಕ್ಕೆ ಉದ್ದಕ್ಕೆ ಚಾಚಿಕೊಂಡು ಮಲಗಿದೆ. ದಕ್ಷಿಣಕ್ಕೆ ಒಂದು ಸಣ್ಣ ನದಿ, ಅದರ ಆಚೆ ದಡ ಹಾಂಕಾಂಗ್. ಪಶ್ಚಿಮಕ್ಕೆ ಪರ್ಲ್ ನದಿ ಸಮುದ್ರ ಸೇರುವ ಅಗಲವಾದ ಬಾಯಿ. ಪೂರ್ವಕ್ಕೆ ಬೆಟ್ಟ, ಕೊಲ್ಲಿ, ಬೀಚು. ಒಟ್ಟು ವಿಸ್ತೀರ್ಣ ಸುಮಾರು 2,000 ಚದರ ಕಿಲೋಮೀಟರ್. ಲುವೊಹುದಿಂದ ವಿಮಾನ ನಿಲ್ದಾಣದ ಕಡೆಗೆ ಮೆಟ್ರೋ 1ನೇ ಲೈನ್ ಹಿಡಿದು ಕೊನೆಯ ಸ್ಟೇಷನ್‌ವರೆಗೆ ಕೂತರೆ ಒಂದು ಗಂಟೆಗಿಂತ ಜಾಸ್ತಿ ಬೇಕು. ಅಷ್ಟು ಹೋದರೂ ಊರು ಮುಗಿದಿರೋದಿಲ್ಲ.

'ಮೀನುಗಾರರ ಹಳ್ಳಿ ಮಹಾನಗರವಾಯಿತು' ಅನ್ನೋ ಕಥೆ ಕೇಳಿರುತ್ತೀರಿ. ಅದು ಅರ್ಧ ಸತ್ಯ. 1979ರಲ್ಲಿ ಬಾವೋಆನ್ ಅನ್ನೋ ಇಡೀ ಜಿಲ್ಲೆಯನ್ನೇ ಶೆನ್‌ಜೆನ್ ನಗರ ಅಂತ ಮಾಡಿದರು. ಆಗ ಅಲ್ಲಿ ಮೂರು ಲಕ್ಷದಷ್ಟು ಜನ, ಹತ್ತಾರು ಹಳ್ಳಿ, ಒಂದು ಸಂತೆಪೇಟೆ, ಗಡಿಯ ರೈಲು ನಿಲ್ದಾಣ ಇದ್ದವು. 1980ರ ಆಗಸ್ಟ್‌ನಲ್ಲಿ ವಿಶೇಷ ಆರ್ಥಿಕ ವಲಯ ಬಂತು. 2020ರ ಜನಗಣತಿ ಹೊತ್ತಿಗೆ ಜನಸಂಖ್ಯೆ 1.75 ಕೋಟಿ ದಾಟಿತ್ತು. ಬಂದವರಲ್ಲಿ ಹೆಚ್ಚಿನವರು ಚೀನಾದ ಬೇರೆ ಬೇರೆ ಪ್ರಾಂತ್ಯದವರು. ಅದಕ್ಕೇ ಇಲ್ಲಿ ಬೀದಿಯಲ್ಲಿ ಕೇಳೋದು ಮ್ಯಾಂಡರಿನ್, ಪಕ್ಕದ ಗುವಾಂಗ್‌ಜೋ, ಹಾಂಕಾಂಗ್‌ಗಳ ಹಾಗೆ ಕ್ಯಾಂಟನೀಸ್ ಅಲ್ಲ. ಅನುವಾದದ ಆಪ್ ಬಳಸುವಾಗ ಇದು ನೆನಪಿರಲಿ.

ಇಷ್ಟು ಬೇಗ ಬೆಳೆದದ್ದರಿಂದ ಊರು ಪೂರ್ವದಿಂದ ಪಶ್ಚಿಮಕ್ಕೆ ದಶಕದ ಲೆಕ್ಕದಲ್ಲಿ ಸರಿಯುತ್ತಾ ಹೋಗಿದೆ. ಲುವೊಹುದಲ್ಲಿ ಎಂಬತ್ತರ ದಶಕ, ಫುಟಿಯಾನ್‌ನಲ್ಲಿ ತೊಂಬತ್ತರಿಂದ ಈಚೆ, ನಾನ್‌ಶಾನ್‌ನಲ್ಲಿ ಈಗಿನ ಕಾಲ. ಆಯ್ಕೆಯೂ ಹೆಚ್ಚುಕಡಿಮೆ ಇದರ ಮೇಲೇ ನಿಂತಿದೆ.

ಲುವೊಹು: ಹಳೇ ಪೇಟೆ, ಗಡಿಗೆ ಹತ್ತಿರ, ಚಿನ್ನದ ವ್ಯಾಪಾರ

ಹಾಂಕಾಂಗ್‌ನ ಈಸ್ಟ್ ರೈಲ್ ಲೈನ್ ಲೋ ವು ನಿಲ್ದಾಣದಲ್ಲಿ ಮುಗಿಯುತ್ತದೆ. ಇಳಿದು, ಹಾಂಕಾಂಗ್ ಕಡೆಯ ಮುದ್ರೆ ಹಾಕಿಸಿಕೊಂಡು, ನದಿಯ ಮೇಲಿನ ಚಾವಣಿ ಹಾಕಿದ ಸೇತುವೆಯನ್ನು ನಡೆದು ದಾಟಬೇಕು. ಎರಡೂ ಕಡೆ ಗಾಜು, ಕೆಳಗೆ ಕಾಲುವೆಯಂಥ ಕಿರಿದಾದ ನದಿ, ದಡದಲ್ಲಿ ತಂತಿಬೇಲಿ. ಎದುರಿನಿಂದ ಕೈಗಾಡಿ ಎಳೆದುಕೊಂಡು ಬರುವ ಅಜ್ಜಿಯರು, ಯೂನಿಫಾರ್ಮ್ ಹಾಕಿದ ಶಾಲೆ ಮಕ್ಕಳು. ಈ ಮಕ್ಕಳು ದಿನಾ ಗಡಿ ದಾಟಿ ಹಾಂಕಾಂಗ್ ಶಾಲೆಗೆ ಹೋಗುವವರು. ಆಚೆ ಕಡೆ ಚೀನಾದ ಇಮಿಗ್ರೇಷನ್, ಹೊರಗೆ ಬಂದರೆ ಶೆನ್‌ಜೆನ್ ರೈಲು ನಿಲ್ದಾಣ, ಅದರಡಿಯಲ್ಲೇ ಮೆಟ್ರೋ. ಬೆಳಗ್ಗೆ ಆರೂವರೆಯಿಂದ ಮಧ್ಯರಾತ್ರಿವರೆಗೆ ಗಡಿ ತೆರೆದಿರುತ್ತದೆ.

ಎರಡು ಮೂರು ಥರದವರಿಗೆ ಲುವೊಹು ಸರಿ. ಹಾಂಕಾಂಗ್‌ನಲ್ಲೂ ಕೆಲಸ ಇದ್ದು ಆಗಾಗ ಆಚೆ ಈಚೆ ಓಡಾಡುವವರಿಗೆ. ಹೋಟೆಲ್‌ಗೆ ಜಾಸ್ತಿ ಖರ್ಚು ಮಾಡಲು ಮನಸ್ಸಿಲ್ಲದವರಿಗೆ. ಮತ್ತೆ ಆಭರಣದ ವ್ಯಾಪಾರದವರಿಗೆ. ಲುವೊಹುದ ಶುಯ್‌ಬೇ ಅನ್ನೋದು ಚೀನಾದ ಅತಿ ದೊಡ್ಡ ಚಿನ್ನಾಭರಣ ಸಗಟು ಪೇಟೆ. ಮೆಟ್ರೋ 3ನೇ ಲೈನ್‌ನಲ್ಲಿ ಅದೇ ಹೆಸರಿನ ಸ್ಟೇಷನ್ ಇದೆ. ಕಟ್ಟಡದ ಮೇಲೆ ಕಟ್ಟಡ, ಒಳಗೆ ಗಾಜಿನ ಕೌಂಟರ್ ಸಾಲು. ಆ ದಿನದ ಚಿನ್ನದ ದರ ಬೋರ್ಡಿನ ಮೇಲೆ, ಅದರ ಮೇಲೆ ಗ್ರಾಮಿಗೆ ಇಷ್ಟು ಅಂತ ಕೂಲಿ. ಸುತ್ತಮುತ್ತ ಅಚ್ಚು, ಪಾಲಿಶ್, ಪ್ಯಾಕಿಂಗ್ ಡಬ್ಬಿ, ಪ್ರದರ್ಶನದ ಸ್ಟ್ಯಾಂಡು ಮಾರುವ ಅಂಗಡಿಗಳು. ಬಹುಪಾಲು ಮಾಲು 24 ಕ್ಯಾರೆಟ್. ನಮ್ಮ 22 ಕ್ಯಾರೆಟ್ ಲೆಕ್ಕ ಇಲ್ಲಿ ಇಲ್ಲ. ಚಿನ್ನ ಕೊಂಡು ತರೋ ಆಸೆ ಇದ್ದರೆ ಮೊದಲು ನಮ್ಮ ಕಸ್ಟಮ್ಸ್ ನಿಯಮ ಓದಿಕೊಳ್ಳಿ. ನನಗೆ ಕಂಡ ಹಾಗೆ ಇಲ್ಲಿ ಬಂದು ನೋಡಬೇಕಾದ್ದು ಚಿನ್ನಕ್ಕಿಂತ ಯಂತ್ರೋಪಕರಣ, ಪ್ಯಾಕಿಂಗ್ ಸಾಮಗ್ರಿ.

ಹಳೇ ಶೆನ್‌ಜೆನ್ ನೋಡಬೇಕು ಅನ್ನುವವರಿಗೂ ಇದೇ ಜಾಗ. 1985ರಲ್ಲಿ ಮುಗಿದ 53 ಮಹಡಿಯ ಗುವೋಮಾವೋ ಕಟ್ಟಡ ಇಲ್ಲಿದೆ. ಮೂರು ದಿನಕ್ಕೊಂದು ಮಹಡಿ ಏರಿಸಿ, 'ಶೆನ್‌ಜೆನ್ ವೇಗ' ಅನ್ನೋ ಮಾತಿಗೆ ಕಾರಣವಾದದ್ದು ಅದು. 1992ರಲ್ಲಿ ಚೀನಾದ ಆರ್ಥಿಕ ಸುಧಾರಣೆಯ ನಾಯಕ ದೆಂಗ್ ಶಿಯಾವೋಪಿಂಗ್ ಇದರ ತುದಿಯ ತಿರುಗುವ ರೆಸ್ಟೋರೆಂಟ್‌ನಲ್ಲಿ ಕೂತು ಊರು ನೋಡಿದ್ದರು. ಹತ್ತಿರದ ದೋಂಗ್‌ಮೆನ್ ಬೀದಿಯಲ್ಲಿ 1990ರ ಅಕ್ಟೋಬರ್‌ನಲ್ಲಿ ಚೀನಾ ಮುಖ್ಯ ಭೂಮಿಯ ಮೊದಲ ಮೆಕ್‌ಡೊನಾಲ್ಡ್ಸ್ ಶುರುವಾಯಿತು.

ಕೊರತೆಯೂ ಹೇಳಬೇಕಲ್ಲ. ಹೋಟೆಲ್‌ಗಳು ಹಳೆಯವು, ಕೆಲವು ಕಡೆ ಕಾರ್ಪೆಟ್‌ನಿಂದಲೇ ವಾಸನೆ ಬರುತ್ತದೆ. ಗಡಿಯ ಪಕ್ಕದ ಶಾಪಿಂಗ್ ಕಟ್ಟಡದಲ್ಲಿ ಬ್ಯಾಗು, ವಾಚು, ಮಸಾಜು ಅಂತ ಕೈ ಹಿಡಿದು ಕರೆಯುವವರು ತಪ್ಪೋದಿಲ್ಲ. ನಾನ್‌ಶಾನ್‌ನಲ್ಲಿ ಮೀಟಿಂಗ್ ಇಟ್ಟುಕೊಂಡು ಇಲ್ಲಿ ಉಳಿದರೆ ದಿನಕ್ಕೆ ಎರಡು ಗಂಟೆ ಮೆಟ್ರೋದಲ್ಲೇ ಹೋಗುತ್ತದೆ.

ಫುಟಿಯಾನ್: ಗೊತ್ತಿಲ್ಲದಿದ್ದರೆ ಇಲ್ಲೇ ಉಳಿಯಿರಿ

ಮೊದಲ ಸಲ ಹೋಗ್ತಿದ್ದೀರಿ, ಕೆಲಸ ಎಲ್ಲೆಲ್ಲಿ ಬೀಳುತ್ತೆ ಗೊತ್ತಿಲ್ಲ ಅಂದ್ರೆ ಕಣ್ಣು ಮುಚ್ಚಿಕೊಂಡು ಫುಟಿಯಾನ್ ಆರಿಸಿ. ಊರಿನ ಉದ್ದದ ನಡುಭಾಗ ಇದು. ಮೆಟ್ರೋ ಲೈನ್‌ಗಳು ಹೆಣೆದುಕೊಳ್ಳುವ ಜಾಗ. 11ನೇ ಲೈನ್ ವೇಗದ ಮೆಟ್ರೋ, ಇಲ್ಲಿಂದ ವಿಮಾನ ನಿಲ್ದಾಣಕ್ಕೆ ಅರ್ಧ ಗಂಟೆಯ ಆಸುಪಾಸು. ನೆಲದಡಿಯ ಫುಟಿಯಾನ್ ಸ್ಟೇಷನ್‌ನಿಂದ ಹಾಂಕಾಂಗ್‌ನ ವೆಸ್ಟ್ ಕೌಲೂನ್‌ಗೆ ಬುಲೆಟ್ ರೈಲಿನಲ್ಲಿ ಕಾಲು ಗಂಟೆ. ಎರಡೂ ಕಡೆಯ ಇಮಿಗ್ರೇಷನ್ ವೆಸ್ಟ್ ಕೌಲೂನ್‌ನಲ್ಲೇ ಮುಗಿಯುತ್ತದೆ.

ಬೆಂಗಳೂರಿನ ಎಸ್.ಪಿ. ರೋಡ್, ಹುಬ್ಬಳ್ಳಿ, ಮಂಗಳೂರಿನ ಮೊಬೈಲ್ ಅಂಗಡಿಯವರಿಗಂತೂ ಫುಟಿಯಾನ್ ಅಂದ್ರೆ ಹುವಾಚಿಯಾಂಗ್‌ಬೇ ಅನ್ನೋ ಎಲೆಕ್ಟ್ರಾನಿಕ್ಸ್ ಪೇಟೆ. ನಮ್ಮಲ್ಲಿ ರಿಪೇರಿಗೆ ಬಳಸುವ ಡಿಸ್‌ಪ್ಲೇ, ಚಾರ್ಜಿಂಗ್ ಪೋರ್ಟು, ಕೇಬಲ್ಲು, ಸಣ್ಣಪುಟ್ಟ ಐಸಿ (ಚಿಪ್), ಇವುಗಳಲ್ಲಿ ಎಷ್ಟೋ ಈ ಬೀದಿಯಿಂದಲೇ ಹೊರಟವು. ಸೆಗ್ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ 1988ರಲ್ಲಿ ಶುರುವಾಯಿತು. ಆಮೇಲೆ ಅದೇ ಜಾಗದಲ್ಲಿ ತುದಿಯ ಕಂಬ ಸೇರಿ ಸುಮಾರು 355 ಮೀಟರ್ ಎತ್ತರದ ಸೆಗ್ ಪ್ಲಾಜಾ ಎದ್ದಿತು. 2021ರ ಮೇ ತಿಂಗಳಲ್ಲಿ ಭೂಕಂಪ ಇಲ್ಲದೆಯೇ ಅಲ್ಲಾಡಿ ಜನ ಬೀದಿಗೆ ಓಡಿದ್ದ ಕಟ್ಟಡ ಇದೇ. ಗಾಳಿಗೆ ತುದಿಯ ಕಂಬ ನಡುಗಿದ್ದು ಅದಕ್ಕೆ ಕಾರಣ ಅಂತ ಗೊತ್ತಾಗಿ, ಕಂಬವನ್ನು ತೆಗೆದುಹಾಕಿ, ಕಟ್ಟಡವನ್ನು ಮತ್ತೆ ತೆರೆದರು.

ಒಳಗೆ ಹೋದರೆ ಕೆಳಗಿನ ಮಹಡಿಗಳಲ್ಲಿ ಬಿಡಿಭಾಗ. ಒಂದು ಕೌಂಟರ್ ಅಂದ್ರೆ ಒಬ್ಬರು ಕೂರುವಷ್ಟು ಜಾಗ. ಮುಂದೆ ಗಾಜಿನ ಪೆಟ್ಟಿಗೆ, ಹಿಂದೆ ತಲೆ ಮೇಲಿನವರೆಗೆ ರೀಲುಗಳು. ಒಬ್ಬಾಕೆ ಚಿಮಟದಲ್ಲಿ ಐಸಿ ಎಣಿಸಿ ಟ್ರೇಗೆ ಹಾಕುತ್ತಿರುತ್ತಾಳೆ, ಪಕ್ಕದಲ್ಲಿ ಮಗು ಹೋಮ್‌ವರ್ಕ್ ಬರೆಯುತ್ತಿರುತ್ತದೆ. ಯಾವ ಮೂಲೆಗೆ ಹೋದರೂ ಪ್ಯಾಕಿಂಗ್ ಟೇಪ್ ಎಳೆಯುವ ಚರ್‌ ಶಬ್ದ. ಬೆಲೆ ಕೇಳಿದರೆ ಬಾಯಲ್ಲಿ ಹೇಳೋದಿಲ್ಲ, ಕ್ಯಾಲ್ಕುಲೇಟರ್ ಒತ್ತಿ ನಿಮ್ಮ ಕಡೆ ತಿರುಗಿಸುತ್ತಾರೆ. ನೀವು ಅಳಿಸಿ ನಿಮ್ಮ ಬೆಲೆ ಒತ್ತಿ ವಾಪಸ್ ತಿರುಗಿಸಬೇಕು. ಅವರ ಮೊದಲ ಪ್ರಶ್ನೆ ಯಾವಾಗಲೂ 'ಎಷ್ಟು ಪೀಸ್?' ಹತ್ತು ಅಂದ್ರೆ ಒಂದು ರೇಟು, ಸಾವಿರ ಅಂದ್ರೆ ಬೇರೆ. ಹತ್ತೇ ಬೇಕಿದ್ದಾಗ ಸಾವಿರ ಅಂತ ಸುಳ್ಳು ಹೇಳಿ ರೇಟು ಇಳಿಸುವ ಚಾಳಿ ಅವರಿಗೆ ಚೆನ್ನಾಗಿ ಗೊತ್ತು. 'ಇವತ್ತು ಸ್ಯಾಂಪಲ್, ಸರಿಹೋದರೆ ಇಷ್ಟು' ಅಂತ ನೇರ ಹೇಳಿದರೆ ಕೆಲಸ ಬೇಗ ಆಗುತ್ತದೆ.

ಆ ಕೌಂಟರ್ ಬರೀ ಕಿಟಕಿ ಅಂತ ತಿಳಿಯಿರಿ. ಮಾಲು ಮೇಲಿನ ಮಹಡಿಯ ಗೋಡೌನ್‌ನಲ್ಲೋ ಹಿಂದಿನ ಬೀದಿಯಲ್ಲೋ ಇರುತ್ತದೆ. ಫ್ಯಾಕ್ಟರಿ ಊರಿನ ವಾಯವ್ಯದ ಬಾವೋಆನ್ ಭಾಗದಲ್ಲೋ ಪಕ್ಕದ ಊರು ಡಾಂಗ್‌ಗುವಾನ್‌ನಲ್ಲೋ. ಒಂದೇ ಡಿಸ್‌ಪ್ಲೇಗೆ ಒರಿಜಿನಲ್, ಬಿಚ್ಚಿ ತೆಗೆದದ್ದು, ಗಾಜು ಬದಲಿಸಿದ್ದು, ನಕಲಿ ಅಂತ ನಾಲ್ಕೈದು ದರ್ಜೆ. ಯಾವುದು ಅಂತ ಕೇಳಿದರೆ ಬಹಳ ಸಲ ನಿಜವನ್ನೇ ಹೇಳುತ್ತಾರೆ. ಕೇಳದಿದ್ದರೆ ಹೇಳೋದಿಲ್ಲ. ಅಲ್ಲೇ ಹಾಕಿ ಪರೀಕ್ಷೆ ಮಾಡಿ ತೋರಿಸಿ ಅನ್ನಿ, ಪ್ರತಿ ಕೌಂಟರ್‌ನಲ್ಲೂ ಟೆಸ್ಟ್ ಬೋರ್ಡ್ ಇರುತ್ತದೆ.

ಬೆಳಗ್ಗೆ ಹತ್ತಕ್ಕೆ ಮುಂಚೆ ಹೋಗಿ ಪ್ರಯೋಜನವಿಲ್ಲ. ಸಂಜೆ ಆರು ದಾಟಿದರೆ ಷಟರ್ ಇಳಿಯುತ್ತಾ ಬರುತ್ತದೆ. ಹಳೇ ಯೂಟ್ಯೂಬ್ ವಿಡಿಯೋ ನೋಡಿ ಹೋಗುವವರಿಗೆ ಒಂದು ಆಶ್ಚರ್ಯ ಕಾದಿದೆ. ಒಂದು ಕಾಲಕ್ಕೆ ಬರೀ ಫೋನ್ ಮಾರುತ್ತಿದ್ದ ಕೆಲವು ಕಟ್ಟಡಗಳಲ್ಲಿ ಈಗ ಲಿಪ್‌ಸ್ಟಿಕ್ಕು, ಪೌಡರು. ಆನ್‌ಲೈನ್ ವ್ಯಾಪಾರ ಬಂದ ಮೇಲೆ ಬಾಡಿಗೆ ಕಟ್ಟಲಾರದೆ ಎಷ್ಟೋ ಕೌಂಟರ್‌ಗಳು ಎದ್ದುಹೋದವು.

ಪವರ್ ಬ್ಯಾಂಕ್, ಅಡಾಪ್ಟರ್, ಎಲ್‌ಇಡಿ ಬಲ್ಬು ತರಿಸಿ ಮಾರುವ ಯೋಚನೆ ಇದ್ದರೆ ನಮ್ಮಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಆಮದು ಮಾಡಲು ಐಇಸಿ (ಆಮದು-ರಫ್ತುದಾರರ ಕೋಡ್) ಸಂಖ್ಯೆಯೂ ಬೇಕು. ಶೆನ್‌ಜೆನ್‌ನ ವ್ಯಾಪಾರಿ 'ಇಂಡಿಯಾಗೆ ದಿನಾ ಕಳಿಸ್ತೀವಿ, ಏನೂ ತೊಂದರೆ ಇಲ್ಲ' ಅಂತಾನೆ. ಬಂದರಿನಲ್ಲಿ ಮಾಲು ನಿಂತಾಗ ಓಡಾಡಬೇಕಾದವರು ನೀವು, ಅವನಲ್ಲ.

ವ್ಯಾಪಾರಕ್ಕೆ ಬರದವರಿಗೂ ಫುಟಿಯಾನ್‌ನಲ್ಲಿ ಸಂಜೆ ಕಳೆಯಲು ಜಾಗವಿದೆ. ಲಿಯಾನ್‌ಹುವಾ ಬೆಟ್ಟ ಹತ್ತಲು ಅರ್ಧ ಗಂಟೆ ಸಾಕು. ಮೇಲೆ ದೆಂಗ್ ಪ್ರತಿಮೆ, ಎದುರಿಗೆ ರೆಕ್ಕೆ ಬಿಚ್ಚಿದಂಥ ಚಾವಣಿಯ ನಗರ ಕಚೇರಿ, ಅದರ ಹಿಂದೆ 599 ಮೀಟರ್ ಎತ್ತರದ ಪಿಂಗ್ ಆನ್ ಗೋಪುರ. ಟಿಕೆಟ್ ಕೊಟ್ಟು ಪಿಂಗ್ ಆನ್ ಹತ್ತೋದಕ್ಕಿಂತ ಪುಕ್ಕಟೆ ಬೆಟ್ಟದಿಂದ ಅದನ್ನು ನೋಡೋದೇ ನನಗೆ ಇಷ್ಟ.

ಎಕ್ಸಿಬಿಷನ್‌ಗೆ ಬರುವವರಿಗೆ ಒಂದು ಎಚ್ಚರಿಕೆ. ಶೆನ್‌ಜೆನ್‌ನಲ್ಲಿ ಎರಡು ಪ್ರದರ್ಶನ ಕೇಂದ್ರಗಳಿವೆ. ಹಳೆಯದು ಫುಟಿಯಾನ್ ನಡುಮಧ್ಯದಲ್ಲಿ. 2019ರಲ್ಲಿ ತೆರೆದ ಹೊಸದು, 'ಶೆನ್‌ಜೆನ್ ವರ್ಲ್ಡ್', ವಿಮಾನ ನಿಲ್ದಾಣದಿಂದ ಇನ್ನೂ ಉತ್ತರಕ್ಕೆ, ಬಾವೋಆನ್‌ನಲ್ಲಿ. ದೊಡ್ಡ ಮೇಳಗಳು ಈಗ ಅಲ್ಲಿಗೆ ಹೋಗಿವೆ. ಆಹ್ವಾನಪತ್ರದಲ್ಲಿ ಎರಡರ ಹೆಸರೂ ಒಂದೇ ಥರ ಕಾಣುತ್ತದೆ. ವಿಳಾಸ ನೋಡದೆ ಹೋಟೆಲ್ ಹಿಡಿದರೆ ಪ್ರತಿ ಬೆಳಗ್ಗೆ ಒಂದು ಗಂಟೆ ಪ್ರಯಾಣ. ಹೊಸ ಕೇಂದ್ರದಲ್ಲಿ ಮೇಳ ಇದ್ದರೆ ಅದರ ಪಕ್ಕದಲ್ಲೋ ವಿಮಾನ ನಿಲ್ದಾಣದ ಹತ್ತಿರವೋ ಉಳಿಯೋದು ಜಾಣತನ.

ನಾನ್‌ಶಾನ್, ಶೆಕೋ: ಸಾಫ್ಟ್‌ವೇರ್‌ನವರಿಗೆ, ಸಂಸಾರಸ್ಥರಿಗೆ

ಕಂಪನಿ ಕೆಲಸದ ಮೇಲೆ ವಾರಗಟ್ಟಲೆ ಬರುವವರು, ವರ್ಗಾವಣೆಯಾಗಿ ಮನೆಮಂದಿ ಜೊತೆ ಬರುವವರು ನಾನ್‌ಶಾನ್ ನೋಡಿ. ವೀಚಾಟ್‌ನ ಟೆನ್ಸೆಂಟ್, ಡ್ರೋನ್ ಮಾಡುವ ಡಿಜೆಐ ಮುಖ್ಯ ಕಚೇರಿಗಳು ಇಲ್ಲಿವೆ. ಹೈಟೆಕ್ ಪಾರ್ಕ್ ಸುತ್ತ ಬೆಳಗ್ಗೆ ಒಂಬತ್ತರ ಮೇಲೆ ಮೆಟ್ರೋದಿಂದ ಹೊರಬೀಳುವ ಗುಂಪು, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಬನ್ನು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡಿದವರಿಗೆ ಈ ಮುಖಗಳು ಹೊಸತೇನಲ್ಲ.

ನಾನ್‌ಶಾನ್‌ನ ದಕ್ಷಿಣ ತುದಿ ಶೆಕೋ. ವಿಶೇಷ ಆರ್ಥಿಕ ವಲಯ ಘೋಷಣೆಗೂ ಮುಂಚೆ, 1979ರಲ್ಲೇ, ಚೈನಾ ಮರ್ಚೆಂಟ್ಸ್ ಕಂಪನಿ ಇಲ್ಲಿ ಕೈಗಾರಿಕಾ ವಲಯ ಶುರುಮಾಡಿತು. ಅದರ ಮುಂದಾಳು ಯುವಾನ್ ಗೆಂಗ್ ಹಾಕಿಸಿದ 'ಸಮಯವೇ ಹಣ, ದಕ್ಷತೆಯೇ ಜೀವ' ಅನ್ನೋ ಫಲಕ ಆಗ ಚೀನಾದಲ್ಲಿ ದೊಡ್ಡ ಚರ್ಚೆಯಾಗಿತ್ತು. ದಕ್ಷಿಣ ಚೀನಾ ಸಮುದ್ರದಲ್ಲಿ ಎಣ್ಣೆ ಹುಡುಕಲು ಬಂದ ವಿದೇಶಿ ಕಂಪನಿಗಳ ಕುಟುಂಬಗಳು ಇಲ್ಲಿ ನೆಲೆಸಿದವು. ಅವರ ಮಕ್ಕಳಿಗೆ ಅಂತ 1988ರಲ್ಲಿ ಇಂಟರ್‌ನ್ಯಾಷನಲ್ ಶಾಲೆಯೂ ಬಂತು. ಅದರ ಫಲ ಈಗಲೂ ಕಾಣುತ್ತದೆ. ಇಂಗ್ಲಿಷ್ ಮೆನು, ಭಾರತೀಯ ಊಟ, ಇಂಗ್ಲಿಷ್ ಬಲ್ಲ ಡಾಕ್ಟರ್, ಸಂಜೆ ವಾಕಿಂಗ್‌ಗೆ ಸಮುದ್ರದ ದಂಡೆ, ಎಲ್ಲ ಸುಲಭಕ್ಕೆ ಸಿಗುವುದು ಶೆಕೋದಲ್ಲೇ.

ಇಲ್ಲಿನ 'ಸೀ ವರ್ಲ್ಡ್' ಚೌಕದ ನಡುವೆ ಒಂದು ಹಡಗು ನಿಂತಿದೆ. ಪ್ರತಿಮೆ ಅಲ್ಲ, ನಿಜವಾದ ಹಡಗು. 1962ರಲ್ಲಿ ಫ್ರಾನ್ಸ್‌ನಲ್ಲಿ ಕಟ್ಟಿದ್ದು. ಚೀನಾ ಕೊಂಡು 'ಮಿಂಗ್‌ಹುವಾ' ಅಂತ ಹೆಸರಿಟ್ಟಿತು, ಆಮೇಲೆ ಹೋಟೆಲ್ ಮಾಡಿ ಇಲ್ಲಿ ಲಂಗರು ಹಾಕಿಸಿತು. 1984ರಲ್ಲಿ ದೆಂಗ್ ಹಡಗಿಗೆ ಬಂದಾಗ 'ಸೀ ವರ್ಲ್ಡ್' ಅನ್ನೋ ಹೆಸರನ್ನು ಚೀನೀ ಅಕ್ಷರದಲ್ಲಿ ಬರೆದುಕೊಟ್ಟರು. ಮುಂದೆ ಸಮುದ್ರಕ್ಕೆ ಮಣ್ಣು ತುಂಬುತ್ತಾ ಹೋದರು, ದಂಡೆ ದೂರ ಸರಿಯಿತು. ಈಗ ಹಡಗು ಕಟ್ಟಡಗಳ ನಡುವೆ ಒಂದು ಕೊಳದಲ್ಲಿ ಸಿಕ್ಕಿಕೊಂಡಿದೆ, ಸುತ್ತ ಕಾಫಿ ಅಂಗಡಿಗಳು.

ಶೆಕೋದ ಇನ್ನೊಂದು ಅನುಕೂಲ ಫೆರಿ. ಹಾಂಕಾಂಗ್ ವಿಮಾನ ನಿಲ್ದಾಣದ ಒಳಗಿನಿಂದಲೇ ಶೆಕೋಗೆ ಫೆರಿ ಹೊರಡುತ್ತದೆ, ಅರ್ಧ ಗಂಟೆಯ ದಾರಿ. ಹಾಂಕಾಂಗ್ ಇಮಿಗ್ರೇಷನ್ ಸಾಲಿಗೆ ನಿಲ್ಲುವ ಮುಂಚೆಯೇ ಫೆರಿ ಕೌಂಟರ್‌ಗೆ ಹೋಗಬೇಕು. ಲಗೇಜ್ ಚೀಟಿ ಕೊಟ್ಟರೆ ಪೆಟ್ಟಿಗೆ ಅವರೇ ಫೆರಿಗೆ ಸೇರಿಸುತ್ತಾರೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇದಕ್ಕಿಂತ ಸಲೀಸು ದಾರಿ ಇಲ್ಲ. ಆದರೆ ರಾತ್ರಿ ತಡವಾಗಿ ಇಳಿಯುವ ವಿಮಾನವಾದರೆ ಕೊನೆಯ ಫೆರಿ ತಪ್ಪುತ್ತದೆ. ಆಗ ಹುವಾಂಗ್‌ಗಾಂಗ್ ಗಡಿಗೆ ಬಸ್ಸೋ ಕಾರೋ ಹಿಡಿಯಬೇಕು, ಅದು ದಿನದ 24 ಗಂಟೆ ತೆರೆದಿರುತ್ತದೆ. ಶೆನ್‌ಜೆನ್ ಬೇ ಗಡಿ ಪ್ರಯಾಣಿಕರಿಗೆ ಮಧ್ಯರಾತ್ರಿಗೆ ಮುಚ್ಚುತ್ತದೆ.

ಬಾಡಿಗೆ ವಿಷಯಕ್ಕೆ ಬಂದರೆ ನಾನ್‌ಶಾನ್ ದುಬಾರಿ. ಹುವಾಚಿಯಾಂಗ್‌ಬೇಗೆ ದಿನಾ ಹೋಗಬೇಕಾದವರು ಶೆಕೋ ಚೆನ್ನಾಗಿದೆ ಅಂತ ಆಸೆಪಟ್ಟು ಇಲ್ಲಿ ರೂಮ್ ಮಾಡಬೇಡಿ. ಒಂದು ಸಂಜೆ ಬಂದು ಹೋದರೆ ಸಾಕು. ಶೆನ್‌ಜೆನ್ ಬೇ ದಂಡೆಯ ಉದ್ದನೆಯ ಪಾರ್ಕು ಮಾತ್ರ ತಪ್ಪಿಸಬೇಡಿ. ಚಳಿಗಾಲದಲ್ಲಿ ಅದರ ಪಕ್ಕದ ಮ್ಯಾಂಗ್ರೋವ್ ಕಾಡಿಗೆ ಕಪ್ಪು ಮುಖದ ಚಮಚದ ಕೊಕ್ಕಿನ ಹಕ್ಕಿಗಳು ವಲಸೆ ಬರುತ್ತವೆ. ಒಂದು ಕಡೆ ಕೊಳದಲ್ಲಿ ಹಕ್ಕಿ, ಅದರ ಹಿಂದೆಯೇ ಗಾಜಿನ ಗೋಪುರಗಳು.

ಯಾಂಟಿಯಾನ್: ಬಂದರು ಮತ್ತು ಬೀಚು

ಶೆನ್‌ಜೆನ್ ಬಂದರು ಅಂದ್ರೆ ಒಂದೇ ಜಾಗ ಅಲ್ಲ. ಪಶ್ಚಿಮಕ್ಕೆ ಶೆಕೋ, ಚಿವಾನ್, ದಾಚಾನ್ ಬೇ. ಪೂರ್ವಕ್ಕೆ ಯಾಂಟಿಯಾನ್. ಎಲ್ಲ ಸೇರಿ 2022ರಲ್ಲಿ ಮೊದಲ ಸಲ ವರ್ಷಕ್ಕೆ 3 ಕೋಟಿ ಕಂಟೇನರ್ ದಾಟಿದವು, 20 ಅಡಿಯ ಪೆಟ್ಟಿಗೆಯ ಲೆಕ್ಕದಲ್ಲಿ. ಯಾಂಟಿಯಾನ್‌ಗೆ ಮೊದಲ ಕಂಟೇನರ್ ಹಡಗು ಬಂದದ್ದು 1994ರಲ್ಲಿ. ಸಹಜವಾಗಿಯೇ ಆಳವಾದ ಕೊಲ್ಲಿ, ಆದ್ದರಿಂದ ಅಮೆರಿಕ, ಯುರೋಪ್ ಕಡೆ ಹೋಗುವ ಅತಿ ದೊಡ್ಡ ಹಡಗುಗಳು ಇಲ್ಲಿಗೇ ಬರುತ್ತವೆ. 2021ರ ಮೇ ಕೊನೆಯಲ್ಲಿ ಕೋವಿಡ್‌ನಿಂದ ಇದರ ಕೆಲಸ ಕುಂಟಿದಾಗ ಪ್ರಪಂಚದ ಉದ್ದಕ್ಕೂ ಸಾಗಣೆ ದರ ಏರಿತ್ತು.

ನಿಮ್ಮ ಮಾಲು ಸಮುದ್ರದ ಮೂಲಕ ಬರುವುದಾದರೆ ಕೊಟೇಶನ್ ತೆಗೆದುಕೊಳ್ಳುವಾಗ 'ಎಫ್‌ಒಬಿ ಶೆನ್‌ಜೆನ್' (ಅಲ್ಲಿ ಹಡಗಿಗೆ ಹೇರುವವರೆಗಿನ ಖರ್ಚು ಮಾರುವವನದು) ಅಂತ ಮಾತ್ರ ಬರೆಸಬೇಡಿ. ಯಾವ ಟರ್ಮಿನಲ್ ಅಂತಲೂ ಬರೆಸಿ. ಬಾವೋಆನ್‌ನ ಫ್ಯಾಕ್ಟರಿಯಿಂದ ಶೆಕೋ ಹತ್ತಿರ, ಯಾಂಟಿಯಾನ್ ಊರಿನ ಇನ್ನೊಂದು ತುದಿ. ಲಾರಿ ಬಾಡಿಗೆ ಯಾರ ತಲೆ ಮೇಲೆ ಅನ್ನೋ ಜಗಳ ಆಮೇಲೆ ಬೇಡ.

ಉಳಿಯಲು? ಬಂದರಿನಲ್ಲೇ ಕೆಲಸ ಇಲ್ಲದಿದ್ದರೆ, ಬೀಚಿಗೆ ಅಂತಲೇ ಬಂದಿಲ್ಲದಿದ್ದರೆ, ಬೇಡ. ದಾಮೆಯ್‌ಷಾ ಬೀಚು ಚೆನ್ನಾಗಿದೆ, ಮೆಟ್ರೋ 8ನೇ ಲೈನ್ ಅಲ್ಲಿವರೆಗೂ ಹೋಗುತ್ತದೆ. ಆದರೆ ಬೇಸಿಗೆಯ ಶನಿವಾರ, ಭಾನುವಾರ ಕಾಲಿಡಲು ಜಾಗ ಇರೋದಿಲ್ಲ. ಕರಾವಳಿಯವರಿಗೆ, 'ಇದಕ್ಕೆ ಇಷ್ಟು ದೂರ ಬರಬೇಕಿತ್ತಾ, ನಮ್ಮ ಮಲ್ಪೆಯೇ ವಾಸಿ' ಅನ್ನಿಸಿದರೆ ತಪ್ಪಿಲ್ಲ. ಇನ್ನೂ ಪೂರ್ವಕ್ಕೆ ದಾಪೆಂಗ್‌ನಲ್ಲಿ 1394ರಲ್ಲಿ ಕಟ್ಟಿದ ಕೋಟೆ, ಅದರೊಳಗೆ ಹಳೇ ಮನೆಗಳು ಇವೆ. ಬಿಡುವಿದ್ದರೆ ಒಂದು ಪೂರ್ತಿ ದಿನ ಅದಕ್ಕೆ ಇಟ್ಟುಕೊಳ್ಳಿ.

ಲಾಂಗ್‌ಗಾಂಗ್, ಲಾಂಗ್‌ಹುವಾ, ಬಾವೋಆನ್

ಫ್ಯಾಕ್ಟರಿ ಭೇಟಿ ಇದ್ದರೆ ಮಾತ್ರ. ಫೋನ್, ಟೆಲಿಕಾಂ ಕಂಪನಿ ಹುವಾವೇ ಇರೋದು ಲಾಂಗ್‌ಗಾಂಗ್‌ನ ಬಾನ್‌ತಿಯಾನ್‌ನಲ್ಲಿ, ಫಾಕ್ಸ್‌ಕಾನ್‌ನ ದೊಡ್ಡ ಕಾರ್ಖಾನೆ ಲಾಂಗ್‌ಹುವಾದಲ್ಲಿ, ವಿದ್ಯುತ್ ಕಾರಿನ ಬಿವೈಡಿ ಮುಖ್ಯ ಕಚೇರಿ ಪಿಂಗ್‌ಶಾನ್‌ನಲ್ಲಿ. ಸಣ್ಣ ಅಚ್ಚು, ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಕೆಲಸದವರು ಬಾವೋಆನ್ ಉತ್ತರಕ್ಕೆ ಹರಡಿದ್ದಾರೆ. ಫ್ಯಾಕ್ಟರಿಯವರು ಕಾರು ಕಳಿಸ್ತೀನಿ ಅಂದ್ರೆ ಫುಟಿಯಾನ್‌ನಲ್ಲೇ ಇದ್ದು ಹೋಗಿಬನ್ನಿ. ಎರಡು ಮೂರು ದಿನ ಉತ್ಪಾದನಾ ಲೈನ್ ಪಕ್ಕ ನಿಂತು ನೋಡುವ ಕೆಲಸ ಇದ್ದರೆ ಅಲ್ಲೇ ಉಳಿಯಿರಿ. ಇಂಗ್ಲಿಷ್ ಅಂತೂ ಮರೆತುಬಿಡಿ. ಲಾಂಗ್‌ಗಾಂಗ್ ಕಡೆ ಹೋದರೆ ದಾಫೆನ್ ಅನ್ನೋ ಚಿತ್ರಕಾರರ ಹಳ್ಳಿ ದಾರಿಯಲ್ಲೇ ಸಿಗುತ್ತದೆ. 1989ರಲ್ಲಿ ಹಾಂಕಾಂಗ್‌ನಿಂದ ಬಂದ ಹುವಾಂಗ್ ಜಿಯಾಂಗ್ ಅನ್ನೋ ವ್ಯಾಪಾರಿ ಇಲ್ಲಿ ತೈಲಚಿತ್ರದ ನಕಲು ಮಾಡಿಸಲು ಶುರುಮಾಡಿದ. ಓಣಿ ಓಣಿಯಲ್ಲಿ ವ್ಯಾನ್ ಗಾಗ್ ಒಣಗುತ್ತಿರುತ್ತಾನೆ.

ಯಾವ ದಾರಿ: ಹಾಂಕಾಂಗ್, ಗುವಾಂಗ್‌ಜೋ, ಇಲ್ಲ ನೇರ ಶೆನ್‌ಜೆನ್?

ಬೆಂಗಳೂರಿನವರಿಗೆ ಹಾಂಕಾಂಗ್ ದಾರಿ ಹಳೆಯದು, ಗೊತ್ತಿರುವಂಥದ್ದು. ಭಾರತೀಯರು ಹಾಂಕಾಂಗ್ ಒಳಗೆ ಹೋಗಲು ಮೊದಲೇ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ಅದಕ್ಕೆ ದುಡ್ಡಿಲ್ಲ, ಆರು ತಿಂಗಳು ನಡೆಯುತ್ತದೆ, ಒಂದು ಸಲಕ್ಕೆ 14 ದಿನದವರೆಗೆ ಇರಬಹುದು. ಫೆರಿಯಲ್ಲಿ ಹೋಗುವವರೂ ಇದನ್ನು ಮಾಡಿಟ್ಟುಕೊಳ್ಳಿ. ಫೆರಿ ತಪ್ಪಿದರೆ ಒಳಗೆ ಹೋಗಲು ಬೇಕಾಗುತ್ತದೆ.

ಚೀನಾ ವೀಸಾ ಬೇರೆ. ಇಲ್ಲಿ ಬಹಳ ಜನ ಎಡವುತ್ತಾರೆ. ಒಂದೇ ಪ್ರವೇಶದ ವೀಸಾ ಇಟ್ಟುಕೊಂಡು ಶೆನ್‌ಜೆನ್‌ನಿಂದ ಒಂದು ಸಂಜೆ ಹಾಂಕಾಂಗ್ ನೋಡಿಬರೋಣ ಅಂತ ಗಡಿ ದಾಟಿದರೆ ವೀಸಾ ಅಲ್ಲಿಗೆ ಮುಗಿಯಿತು. ವಾಪಸ್ ಬರಲು ಬಿಡೋದಿಲ್ಲ, ನಿಮ್ಮ ಪೆಟ್ಟಿಗೆ ಶೆನ್‌ಜೆನ್ ಹೋಟೆಲ್‌ನಲ್ಲೇ ಇದ್ದರೂ. ಓಡಾಡುವ ಯೋಚನೆ ಇದ್ದರೆ ಅರ್ಜಿ ಹಾಕುವಾಗಲೇ ಎರಡು ಪ್ರವೇಶ ಕೇಳಿ.

ಗುವಾಂಗ್‌ಜೋ ದಾರಿ ಮತ್ತೆ ತೆರೆದದ್ದು ಈಚೆಗೆ. 2020ರಲ್ಲಿ ನಿಂತಿದ್ದ ಭಾರತ–ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್ ಕೊನೆಯಲ್ಲಿ ಮತ್ತೆ ಶುರುವಾದವು. ಮೊದಲು ಕೋಲ್ಕತ್ತಾದಿಂದ ಗುವಾಂಗ್‌ಜೋಗೆ, ಆಮೇಲೆ ದಿಲ್ಲಿಯಿಂದ. ಗುವಾಂಗ್‌ಜೋದಲ್ಲೂ ಕೆಲಸ ಇದ್ದರೆ ಇದು ಒಳ್ಳೆಯದು. ಅಲ್ಲಿಂದ ಬುಲೆಟ್ ರೈಲಿನಲ್ಲಿ ಶೆನ್‌ಜೆನ್ ಉತ್ತರ ನಿಲ್ದಾಣಕ್ಕೆ ಅರ್ಧ ಗಂಟೆಯ ಆಸುಪಾಸು. ಇನ್ನು ಆಗ್ನೇಯ ಏಷ್ಯಾದಲ್ಲಿ ವಿಮಾನ ಬದಲಿಸಿ ನೇರ ಶೆನ್‌ಜೆನ್‌ಗೇ ಇಳಿಯಬಹುದು. ಹೊಸ ಪ್ರದರ್ಶನ ಕೇಂದ್ರ, ಬಾವೋಆನ್ ಫ್ಯಾಕ್ಟರಿಯವರಿಗೆ ಅದೇ ಸರಿ.

ಹಾಗಾದರೆ ಶೆನ್‌ಜೆನ್ ಬಿಟ್ಟು ಗುವಾಂಗ್‌ಜೋದಲ್ಲೇ ಉಳಿದರೆ? ಸರಕಿನ ಮೇಲೆ ಹೋಗುತ್ತದೆ. ಬಟ್ಟೆ, ಚರ್ಮದ ಬ್ಯಾಗು ಅಂದ್ರೆ ಗುವಾಂಗ್‌ಜೋ. ಪೀಠೋಪಕರಣ, ಟೈಲ್ಸ್ ಅಂದ್ರೆ ಅದರ ಪಕ್ಕದ ಫೋಷಾನ್. 1957ರಿಂದ ವರ್ಷಕ್ಕೆ ಎರಡು ಸಲ ನಡೆಯುವ ಕ್ಯಾಂಟನ್ ಫೇರ್ ಅನ್ನೋ ದೊಡ್ಡ ವ್ಯಾಪಾರ ಮೇಳ ಕೂಡ ಗುವಾಂಗ್‌ಜೋದಲ್ಲೇ. ಆ ದಿನಗಳಲ್ಲಿ, ಅಂದ್ರೆ ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದವರೆಗೆ, ಮತ್ತೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರದವರೆಗೆ, ಹೋಟೆಲ್ ರೇಟು ಗಗನಕ್ಕೇರುತ್ತದೆ. ಎಲೆಕ್ಟ್ರಾನಿಕ್ಸ್ ಒಂದೇ ಆದರೆ ಗುವಾಂಗ್‌ಜೋಗೆ ಹೋಗಿ ಸುಮ್ನೆ ದಿನ ಕಳೆಯಬೇಡಿ.

ದುಡ್ಡು, ಫೋನು, ಊಟ

ಯುಪಿಐ ಇಲ್ಲಿ ನಡೆಯೋದಿಲ್ಲ. ಅಲಿಪೇ ಆಪ್‌ಗೆ ನಿಮ್ಮ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ, ನಮ್ಮ ಊರಲ್ಲಿದ್ದಾಗಲೇ. ಪಾಸ್‌ಪೋರ್ಟ್ ಪರಿಶೀಲನೆಯನ್ನೂ ಹೊರಡುವ ಮುಂಚೆಯೇ ಮುಗಿಸಿ. 200 ಯುವಾನ್ ಒಳಗಿನ ಖರ್ಚಿಗೆ ಅವರ ಶುಲ್ಕ ಇಲ್ಲ, ಮೇಲಾದರೆ ಶೇ 3. ಮೆಟ್ರೋ ಕೋಡ್ ಕೂಡ ಅದರಲ್ಲೇ ಸಿಗುತ್ತದೆ. ಕೊಂಚ ನಗದೂ ಇರಲಿ. ಹುವಾಚಿಯಾಂಗ್‌ಬೇ ಕೌಂಟರ್‌ನವರು ಎಷ್ಟೋ ಸಲ ಅಂಗಡಿಯ ಕೋಡ್ ಬದಲು ಸ್ವಂತ ಕೋಡ್ ತೋರಿಸುತ್ತಾರೆ. ವಿದೇಶಿ ಕಾರ್ಡ್‌ನಿಂದ ವ್ಯಕ್ತಿಗೆ ದುಡ್ಡು ಕಳಿಸಲು ಆಗೋದಿಲ್ಲ. ಅಲ್ಲಿ ನೋಟೇ ಗತಿ.

ವಾಟ್ಸಾಪ್, ಗೂಗಲ್, ಯೂಟ್ಯೂಬ್ ಹೋಟೆಲ್ ವೈಫೈನಲ್ಲಿ ತೆರೆಯೋದಿಲ್ಲ. ನಮ್ಮ ಸಿಮ್‌ನ ರೋಮಿಂಗ್‌ನಲ್ಲೋ ಹಾಂಕಾಂಗ್ ಸಿಮ್‌ನಲ್ಲೋ ನಡೆಯುತ್ತದೆ. ಸ್ನೇಹಿತರ ಮನೆಯಲ್ಲಿ ಉಳಿಯುವುದಾದರೆ 24 ಗಂಟೆಯೊಳಗೆ ಪೊಲೀಸರ ಹತ್ತಿರ ನೋಂದಣಿ ಮಾಡಿಸಬೇಕು. ಹೋಟೆಲ್ ಆದರೆ ಅವರೇ ಮಾಡುತ್ತಾರೆ.

ಸಸ್ಯಾಹಾರಿಗಳಿಗೆ ಶೆಕೋ ಮೊದಲು, ಆಮೇಲೆ ಲುವೊಹು, ಫುಟಿಯಾನ್. ಬೌದ್ಧರ ಸಸ್ಯಾಹಾರಿ ಹೋಟೆಲ್‌ಗಳೂ ಇವೆ, ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರೋದಿಲ್ಲ. ಮಾಮೂಲಿ ಹೋಟೆಲ್‌ನಲ್ಲಿ 'ಮಾಂಸ ಬೇಡ' ಅಂದ್ರೆ ತುಂಡು ತೆಗೆದಿಡುತ್ತಾರೆ ಅಷ್ಟೇ, ಸೊಪ್ಪನ್ನು ಹುರಿದದ್ದು ಹಂದಿ ಕೊಬ್ಬಿನಲ್ಲೋ ಸಿಂಪಿ ಸಾಸಿನಲ್ಲೋ ಇರಬಹುದು. ಏನೇನು ಬೇಡ ಅಂತ ಚೀನೀ ಅಕ್ಷರದಲ್ಲಿ ಫೋನಿನಲ್ಲಿ ಬರೆಸಿಟ್ಟುಕೊಂಡು ತೋರಿಸಿ.

ಯಾವಾಗ

ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಒಳ್ಳೆಯ ಕಾಲ. ಮೇ ಇಂದ ಸೆಪ್ಟೆಂಬರ್‌ವರೆಗೆ ಬೆವರು, ಮಳೆ, ನಡುನಡುವೆ ಚಂಡಮಾರುತ. 2018ರ ಸೆಪ್ಟೆಂಬರ್‌ನಲ್ಲಿ ಬಂದ ಮಾಂಗ್‌ಖುಟ್, 2025ರ ಸೆಪ್ಟೆಂಬರ್‌ನ ರಾಗಾಸಾ ಎರಡೂ ಊರನ್ನೇ ಮುಚ್ಚಿಸಿದವು. ಫೆರಿ, ವಿಮಾನ ಎಲ್ಲ ಬಂದ್. ಆ ತಿಂಗಳಲ್ಲಿ ಹೋಗುವವರು ವಾಪಸ್ ಟಿಕೆಟ್‌ಗೂ ಮನೆಯ ಕಾರ್ಯಕ್ರಮಕ್ಕೂ ನಡುವೆ ಎರಡು ದಿನ ಬಿಟ್ಟುಕೊಳ್ಳಿ.

ಅಕ್ಟೋಬರ್ 1ರಿಂದ ಒಂದು ವಾರ ರಾಷ್ಟ್ರೀಯ ರಜೆ, ಆಗ ಹೋಗಬೇಡಿ. ಚೀನೀ ಹೊಸ ವರ್ಷದ ಹೊತ್ತಿಗಂತೂ ಬೇಡವೇ ಬೇಡ. ಜನವರಿ ಕೊನೆಗೋ ಫೆಬ್ರವರಿಗೋ ಬರುವ ಆ ಹಬ್ಬಕ್ಕೆ ಊರಿಗೂರೇ ತಂತಮ್ಮ ಪ್ರಾಂತ್ಯಕ್ಕೆ ಹೊರಡುತ್ತದೆ. ಹುವಾಚಿಯಾಂಗ್‌ಬೇ ಖಾಲಿ, ಫ್ಯಾಕ್ಟರಿ ಬಾಗಿಲಿಗೆ ಕೆಂಪು ಚೀಟಿ. ಹಬ್ಬಕ್ಕೆ ಮುಂಚಿನ ಮೂರು ವಾರದಲ್ಲಿ ಕೊಟ್ಟ ಆರ್ಡರ್ ಹಬ್ಬ ಕಳೆದು, ಕೆಲಸಗಾರರು ವಾಪಸ್ ಬಂದು, ಲೈನ್ ಮತ್ತೆ ಓಡೋವರೆಗೆ ಕಾಯಬೇಕು. ಹಬ್ಬದ ಮೊದಲೇ ಮಾಲು ಬೇಕಿದ್ದರೆ ನವೆಂಬರ್ ಕೊನೆಯೊಳಗೆ ಮುಂಗಡ ಕೊಟ್ಟುಬಿಡಿ.